ಶೌಚಾಲಯ ಕಟ್ಟಲು ಕೋಟೆ ಸೀಮೆಗೆ ಬರುವ ಮುನ್ನ

ಮೈಸೂರಿನಿಂದ ಹೆಗ್ಗಡದೇವನಕೋಟೆ ದಾಟಿ ಮಾನಂದವಾಡಿ ರಸ್ತೆ ಹಿಡಿದರೆ, ಕಾಡು ಶುರುವಾಗುವ ಮುಂಚೆ ಸಿಗುವ ದೊಡ್ಡ ಊರು ಅಂತರಸಂತೆ. ಹೋಬಳಿ ಕೇಂದ್ರ. ಒಂದು ಕಡೆ ಕಬಿನಿ ಹಿನ್ನೀರು, ಇನ್ನೊಂದು ಕಡೆ ನಾಗರಹೊಳೆ, ನಡುವೆ ಹತ್ತಿ, ರಾಗಿ, ಶುಂಠಿಯ ಹೊಲಗಳು, ಹೊಲದಾಚೆಗೆ ಜೇನುಕುರುಬರ, ಕಾಡುಕುರುಬರ, ಯರವರ ಹಾಡಿಗಳು. ಈ ಸೀಮೆಗೆ ಹೊರದೇಶದ ಹುಡುಗ ಹುಡುಗಿಯರು ಗುದ್ದಲಿ ಹಿಡಿದು ಬಂದದ್ದು ಹೊಸತೇನಲ್ಲ. ಬ್ರಿಟನ್ನಿನ ರಾಲೀ ಇಂಟರ್‌ನ್ಯಾಷನಲ್ ಸಂಸ್ಥೆ ಹಲವು ವರ್ಷ ಮೈಸೂರನ್ನು ನೆಲೆ ಮಾಡಿಕೊಂಡು ತನ್ನ ಯುವ ಸ್ವಯಂಸೇವಕರನ್ನು ಕೋಟೆ ತಾಲ್ಲೂಕಿನ ಹಳ್ಳಿಗಳಿಗೆ ಕಳಿಸುತ್ತಿತ್ತು. ಇಲ್ಲಿ ಅವರಿಗೆ ಜೊತೆಯಾದದ್ದು ಮೈರಾಡ ಎಂಬ ಸ್ವಯಂಸೇವಾ ಸಂಸ್ಥೆ. ಆ ಹುಡುಗ ಹುಡುಗಿಯರು ವಾರಗಟ್ಟಲೆ ಹಳ್ಳಿಯಲ್ಲೇ ಉಳಿದು, ಮನೆಯವರೊಂದಿಗೆ ಸೇರಿ ಗುಂಡಿ ತೋಡಿ, ಇಟ್ಟಿಗೆ ಹೊತ್ತು ಶೌಚಾಲಯ ಕಟ್ಟಿದರು.

ಇಂಥ ಕೆಲಸಕ್ಕೆ ಬರಬೇಕೆನ್ನುವವರು ಈಗಲೂ ಇದ್ದಾರೆ. ಅಮೆರಿಕ, ಇಂಗ್ಲೆಂಡ್, ಆಸ್ಟ್ರೇಲಿಯಾಗಳ ಕನ್ನಡ ಮನೆಗಳಲ್ಲಿ ಬೆಳೆದ ಮಕ್ಕಳು, ಅವರ ಜೊತೆ ಓದುವ ಬೇರೆ ದೇಶದ ಗೆಳೆಯರು, ನಮ್ಮದೇ ಬೆಂಗಳೂರು, ಮೈಸೂರಿನ ಕಾಲೇಜು ವಿದ್ಯಾರ್ಥಿಗಳು. ಮನಸ್ಸು ಒಳ್ಳೆಯದೇ. ಆದರೆ ಎಲ್ಲಿಗೆ ಬರುವುದು, ಯಾರ ಮೂಲಕ ಬರುವುದು, ಬಂದು ಏನು ಮಾಡುವುದು ಎಂಬುದನ್ನು ಮೊದಲೇ ಯೋಚಿಸದೆ ಬಂದರೆ ಊರಿಗೆ ಉಳಿಯುವುದು ಸೌದೆ ತುಂಬಿಡುವ ಇನ್ನೊಂದು ಕೋಣೆ. ಬರುವವರಿಗೂ, ಅವರನ್ನು ಕರೆಸಿಕೊಳ್ಳುವ ಪಂಚಾಯಿತಿ, ಶಾಲೆ, ಮಹಿಳಾ ಸಂಘಗಳಿಗೂ ಉಪಯೋಗವಾಗಲೆಂದು ಈ ಲೇಖನ.

ಯಾರ ಮೂಲಕ ಬರಬೇಕು

ರಾಲೀಯ ಕಥೆಯನ್ನೇ ಇನ್ನಷ್ಟು ನೋಡೋಣ. 1984ರಲ್ಲಿ ‘ಆಪರೇಷನ್ ರಾಲೀ’ ಎಂಬ ಹೆಸರಿನಲ್ಲಿ ಹುಟ್ಟಿ, ಯುವಜನರನ್ನು ಹಲವು ದೇಶಗಳಿಗೆ ಕಳಿಸಿದ ದೊಡ್ಡ ಸಂಸ್ಥೆ ಅದು. 2011ರಲ್ಲಿ ಬ್ರಿಟಿಷ್ ಸರ್ಕಾರ 18ರಿಂದ 25ರ ವಯಸ್ಸಿನವರಿಗಾಗಿ ಆರಂಭಿಸಿದ ಅಂತರರಾಷ್ಟ್ರೀಯ ಸ್ವಯಂಸೇವಾ ಯೋಜನೆಯಲ್ಲೂ ಅದು ಪಾಲುದಾರನಾಗಿತ್ತು. ಅಂಥ ಸಂಸ್ಥೆ 2022ರ ಮೇ ತಿಂಗಳಲ್ಲಿ ಹಣವಿಲ್ಲದೆ ಬಾಗಿಲು ಮುಚ್ಚಿತು. ಆಮೇಲೆ ಆ ಹೆಸರು ಬೇರೆ ಒಡೆತನದಲ್ಲಿ ಮತ್ತೆ ಕೆಲಸ ಶುರುಮಾಡಿತು ಎನ್ನುವುದು ನಿಜ. ಆದರೆ ಲಂಡನ್ನಿನ ಕಚೇರಿ ಮುಚ್ಚಿದ ಮಾತ್ರಕ್ಕೆ ಕೋಟೆ ತಾಲ್ಲೂಕಿನ ಯಾವುದೋ ಹಿತ್ತಲಿನ ಶೌಚಾಲಯದ ಪೈಪು ಕಟ್ಟಿಕೊಳ್ಳುವುದು ನಿಲ್ಲುವುದಿಲ್ಲ. ಅದನ್ನು ಬಿಡಿಸುವ ದಾರಿ ಹೇಳಬೇಕಾದವರು ಇಲ್ಲಿಯವರೇ. ಆದ್ದರಿಂದ ಕಳಿಸುವ ಸಂಸ್ಥೆಯ ಹೆಸರಿಗಿಂತ ಬರಮಾಡಿಕೊಳ್ಳುವ ಸಂಸ್ಥೆಯ ಬೇರು ಎಷ್ಟು ಆಳಕ್ಕಿದೆ ಎಂದು ನೋಡಿ.

ಈ ಭಾಗದಲ್ಲಿ ಹಾಗೆ ಬೇರು ಬಿಟ್ಟ ಸಂಸ್ಥೆಗಳಿವೆ. ಮೈರಾಡ ಶುರುವಾದದ್ದು 1968ರಲ್ಲಿ, ಟಿಬೆಟಿನಿಂದ ಬಂದ ನಿರಾಶ್ರಿತರಿಗೆ ನೆಲೆ ಕಲ್ಪಿಸಲು. ಮುಂದೆ ಅದು ಹಳ್ಳಿಗಳಲ್ಲಿ ಸ್ವಸಹಾಯ ಸಂಘಗಳನ್ನು ಕಟ್ಟಿತು. ಇಂದು ದೇಶದ ತುಂಬ ಇರುವ ಸ್ವಸಹಾಯ ಸಂಘಗಳ ಮಾದರಿ ರೂಪುಗೊಂಡ ಜಾಗಗಳಲ್ಲಿ ಅದರ ಕೆಲಸದ ಹಳ್ಳಿಗಳೂ ಸೇರಿವೆ. 1984ರಲ್ಲಿ ಮೈಸೂರು ವೈದ್ಯಕೀಯ ಕಾಲೇಜಿನಲ್ಲಿ ಓದುತ್ತಿದ್ದ ಡಾ. ಆರ್. ಬಾಲಸುಬ್ರಹ್ಮಣ್ಯಂ ಮತ್ತು ಗೆಳೆಯರು ಕಟ್ಟಿದ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಕೋಟೆ ತಾಲ್ಲೂಕಿನ ಹಾಡಿಗಳಲ್ಲಿ ಕೆಲಸ ಶುರುಮಾಡಿ, ಕೆಂಚನಹಳ್ಳಿ, ಸರಗೂರುಗಳಲ್ಲಿ ಆಸ್ಪತ್ರೆ, ಹೊಸಹಳ್ಳಿಯಲ್ಲಿ ಆದಿವಾಸಿ ಮಕ್ಕಳ ಶಾಲೆ ನಡೆಸುತ್ತ ಬಂದಿದೆ. ಹೊರದೇಶದ ವಿಶ್ವವಿದ್ಯಾಲಯಗಳ ವಿದ್ಯಾರ್ಥಿಗಳಿಗೂ ಅಲ್ಲಿ ಕಲಿಯುವ ಅವಕಾಶ ಸಿಕ್ಕಿದೆ. ಇಂಥವರ ಮೂಲಕ ಬಂದರೆ ನಿಮಗಿಂತ ಮೊದಲು ಆ ಮನೆಗೆ ಹತ್ತಾರು ಸಲ ಹೋಗಿಬಂದ ಒಬ್ಬ ಕಾರ್ಯಕರ್ತೆ ಜೊತೆಗಿರುತ್ತಾಳೆ. ಮನೆಯವರು ಅವಳನ್ನು ಹೆಸರು ಹಿಡಿದು ಕರೆಯುತ್ತಾರೆ. ನೀವು ಹೋದ ಮೇಲೂ ಅವಳು ಬರುತ್ತಿರುತ್ತಾಳೆ.

ಬರೆದು ಕೇಳುವಾಗ ಸಂಕೋಚ ಬೇಡ. ಮೂರು ವರ್ಷದ ಹಿಂದೆ ನಿಮ್ಮ ಸ್ವಯಂಸೇವಕರು ಕಟ್ಟಿದ ಶೌಚಾಲಯಗಳಲ್ಲಿ ಈಗ ಬಳಕೆಯಲ್ಲಿರುವುದು ಎಷ್ಟು? ನಾವು ಕಟ್ಟುವ ಶುಲ್ಕದಲ್ಲಿ ಹಳ್ಳಿಗೆ ತಲುಪುವುದೆಷ್ಟು? ಗಾರೆ ಮೇಸ್ತ್ರಿಗೆ ಕೂಲಿ ಕೊಡುತ್ತೀರೋ ಇಲ್ಲವೋ? ಈ ಮೂರಕ್ಕೆ ನೇರ ಉತ್ತರ ಕೊಡದ ಸಂಸ್ಥೆಯನ್ನು ಬಿಟ್ಟುಬಿಡಿ. ಅವರ ಫೋಟೊಗಳು ಎಷ್ಟೇ ಚೆಂದವಿರಲಿ.

ಕಟ್ಟಿದ್ದು ಬಳಕೆಯಾಗಬೇಕಾದರೆ

2011ರ ಜನಗಣತಿಯ ಹೊತ್ತಿಗೆ ಕರ್ನಾಟಕದ ಹಳ್ಳಿಗಳಲ್ಲಿ ಮೂರನೇ ಒಂದು ಭಾಗದಷ್ಟು ಮನೆಗಳಿಗೂ ಶೌಚಾಲಯ ಇರಲಿಲ್ಲ. 2014ರ ಅಕ್ಟೋಬರ್ 2ರಂದು ಸ್ವಚ್ಛ ಭಾರತ ಅಭಿಯಾನ ಶುರುವಾದ ಮೇಲೆ ಚಿತ್ರ ಬಹಳ ಬದಲಾಗಿದೆ. ಅಂತರಸಂತೆ, ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ ಯಾವ ಕಡೆ ಹೋದರೂ ಮನೆ ಪಕ್ಕದಲ್ಲಿ ನಾಲ್ಕು ಗೋಡೆ, ತಗಡಿನ ಬಾಗಿಲು ಕಾಣುತ್ತದೆ. ಹಾಗಾಗಿ ಇಂದು ಬರುವ ಸ್ವಯಂಸೇವಕರ ಮೊದಲ ಕೆಲಸ ಎಣಿಕೆ: ಎಷ್ಟು ಮನೆಗೆ ಇಲ್ಲ, ಎಷ್ಟು ಮನೆಯಲ್ಲಿ ಇದ್ದೂ ಬಳಸುತ್ತಿಲ್ಲ, ಏಕೆ ಬಳಸುತ್ತಿಲ್ಲ. ಹಲವು ಊರುಗಳಲ್ಲಿ ಹೊಸದು ಕಟ್ಟುವುದಕ್ಕಿಂತ ಇರುವುದನ್ನು ಸರಿಮಾಡುವ ಕೆಲಸವೇ ಹೆಚ್ಚು ಸಿಗುತ್ತದೆ. ಗುಂಡಿಗೆ ಮುಚ್ಚಳ, ಒಡೆದ ಬೇಸಿನ್, ಚಿಲಕವಿಲ್ಲದ ಬಾಗಿಲು, ಸೋರುವ ಸೂರು. ಈ ಕೆಲಸಕ್ಕೆ ಉದ್ಘಾಟನೆಯ ಸಡಗರ ಇರುವುದಿಲ್ಲ. ಆದರೂ ಒಬ್ಬ ಬಸುರಿ ಹೆಂಗಸು ನಾಳೆ ಬೆಳಿಗ್ಗೆ ಬಯಲಿಗೆ ಹೋಗುವುದು ತಪ್ಪುವುದು ಒಂದು ಚಿಲಕದಿಂದ ಎಂದಾದರೆ ಆ ಚಿಲಕ ಹಾಕುವುದೇ ಸರಿಯಾದ ಸೇವೆ.

ಒಡಿಶಾದ ಪುರಿ ಜಿಲ್ಲೆಯ 100 ಹಳ್ಳಿಗಳಲ್ಲಿ ನಡೆದು 2014ರಲ್ಲಿ ‘ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್’ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನವೊಂದನ್ನು ಈ ಕೆಲಸಕ್ಕಿಳಿಯುವ ಪ್ರತಿಯೊಬ್ಬರೂ ತಿಳಿದಿರಬೇಕು. ಶೌಚಾಲಯ ಕಟ್ಟಿಸಿದ ಹಳ್ಳಿಗಳಲ್ಲಿ ಶೌಚಾಲಯವಿರುವ ಮನೆಗಳ ಪ್ರಮಾಣ ಶೇ 9ರಿಂದ ಶೇ 63ಕ್ಕೆ ಏರಿತು. ಆದರೆ ಮಕ್ಕಳ ಭೇದಿಯಾಗಲಿ ಹೊಟ್ಟೆಹುಳುವಾಗಲಿ ಕಡಿಮೆಯಾದದ್ದು ಕಾಣಲಿಲ್ಲ. ಉಳಿದ ಮನೆಗಳಿಗೆ ಇರಲಿಲ್ಲ, ಇದ್ದವರಲ್ಲಿ ಎಲ್ಲರೂ ಬಳಸಲಿಲ್ಲ. ಊರಿನ ಒಂದು ಬೀದಿ ಬಯಲಿಗೆ ಹೋಗುತ್ತಿದ್ದರೂ ನೊಣ, ಮಳೆನೀರು ಎಲ್ಲರ ಮನೆಗೂ ಬರುತ್ತವೆ. ಹತ್ತು ಹಳ್ಳಿಯಲ್ಲಿ ಐದೈದು ಕಟ್ಟಿ ಪಟ್ಟಿ ಉದ್ದ ಮಾಡುವುದಕ್ಕಿಂತ ಒಂದು ಹಾಡಿಯ ಅಷ್ಟೂ ಮನೆಗಳನ್ನು ಪೂರ್ತಿ ಮಾಡುವುದು ಮೇಲು ಎಂದು ನಾನು ಒತ್ತಿ ಹೇಳುವುದು ಇದಕ್ಕಾಗಿಯೇ.

ಬಳಸದಿರುವುದಕ್ಕೆ ಜನರ ಅಜ್ಞಾನವೇ ಕಾರಣ ಎಂದುಕೊಂಡು ಬರಬೇಡಿ. ಕಾರಣ ಕೇಳಿದರೆ ಹೆಚ್ಚಾಗಿ ಸಿಗುವ ಉತ್ತರ ನೀರು. ‘ಕುಡಿಯಕ್ಕೇ ನೀರು ಹೊತ್ತು ತರ್ಬೇಕು, ಕಕ್ಕಸಿಗೆ ಎಲ್ಲಿಂದ ತರದು’ ಎನ್ನುವ ಹೆಂಗಸಿನ ಮಾತಿನಲ್ಲಿ ಲೆಕ್ಕವಿದೆ. ಏಕೆಂದರೆ ಆ ನೀರನ್ನೂ ಹೊರಬೇಕಾದವಳು ಅವಳೇ. ಇಳಿಜಾರು ಹೆಚ್ಚಿರುವ ಗ್ರಾಮೀಣ ಬೇಸಿನ್ ಹಾಕಿದರೆ ಒಂದು ಸಲಕ್ಕೆ ಒಂದೂವರೆಯಿಂದ ಎರಡು ಲೀಟರ್ ನೀರು ಸಾಕು. ಅಂಗಡಿಯಲ್ಲಿ ಚೆಂದ ಕಾಣುವ ಮಾಮೂಲಿ ಬೇಸಿನ್‌ಗೆ ಅದರ ಎರಡು ಮೂರು ಪಟ್ಟು ಬೇಕು. ಐದು ಜನರ ಮನೆಯಲ್ಲಿ ಒಂದು ದಿನಕ್ಕೆ ಇದರಿಂದಾಗುವ ವ್ಯತ್ಯಾಸ ಬಿಂದಿಗೆಗಳ ಲೆಕ್ಕದಲ್ಲಿರುತ್ತದೆ. ಬೇಸಿನ್ ಕೊಳ್ಳುವ ದಿನ ನೀವು ಜೊತೆಗೆ ಹೋಗಿ. ಆಯ್ಕೆ ಅಲ್ಲೇ ತಪ್ಪುವುದು.

‘ಮನೆ ಮನೆಗೆ ಗಂಗೆ’ ಯೋಜನೆಯ ನಲ್ಲಿ ಬಂದಿರುವ ಊರುಗಳಲ್ಲೂ ನೀರು ಎಷ್ಟು ಹೊತ್ತಿಗೆ, ಎಷ್ಟು ದಿನಕ್ಕೊಮ್ಮೆ ಬರುತ್ತದೆ ಎಂದು ಊರಿಗೆ ನೀರು ಬಿಡುವ ನೀರುಗಂಟಿಯನ್ನು ಕೇಳಿ ತಿಳಿದುಕೊಳ್ಳಿ. ಬೇಸಿಗೆಯಲ್ಲಿ ಕೊಳವೆಬಾವಿ ಕೈಕೊಡುವ ಊರಾದರೆ ಶೌಚಾಲಯದ ಪಕ್ಕ ಒಂದು ಸಿಮೆಂಟ್ ತೊಟ್ಟಿ ಕಟ್ಟುವುದನ್ನೂ ಅಂದಾಜುಪಟ್ಟಿಗೆ ಸೇರಿಸಿ. ಎಷ್ಟೋ ಕಡೆ ತೊಟ್ಟಿ ಬಂದ ಮೇಲೆಯೇ ಬಾಗಿಲು ತೆರೆದದ್ದು.

ಇನ್ನೊಂದು ಕಾರಣ ಜಾಗ. ದೇವರ ಕೋಣೆಯ ಗೋಡೆಗೆ, ಅಡುಗೆಮನೆಗೆ ಒತ್ತಿಕೊಂಡಂತೆ ಕಟ್ಟಿದರೆ ಹಿರಿಯರು ಬಳಸುವುದಿಲ್ಲ. ಬೀದಿಗೆ ಬಾಗಿಲಿಟ್ಟರೆ ಹೆಂಗಸರು ಬಳಸುವುದಿಲ್ಲ. ಜಾಗ ಗುರುತಿಸುವ ದಿನ ಮನೆಯ ಯಜಮಾನರನ್ನಷ್ಟೇ ಕೇಳಿ ಸುಣ್ಣದ ಗೆರೆ ಎಳೆಯಬೇಡಿ. ಅವ್ವನನ್ನು, ಸೊಸೆಯನ್ನು, ಶಾಲೆಗೆ ಹೋಗುವ ಹುಡುಗಿಯನ್ನು ಕೇಳಿ. ಕಾಡಂಚಿನ ಹಾಡಿಗಳಲ್ಲಿ ಇನ್ನೊಂದು ಮಾತು ಬರುತ್ತದೆ: ಆನೆ. ಕತ್ತಲಲ್ಲಿ ಹಿತ್ತಲಿಗೆ ಹೋಗಲೂ ಭಯವಿರುವ ಕಡೆ ಮನೆಯಿಂದ ಮೂವತ್ತು ಹೆಜ್ಜೆ ದೂರದ ಶೌಚಾಲಯ ರಾತ್ರಿ ಇಲ್ಲದಂತೆಯೇ. ಹತ್ತಿರವಿರಬೇಕು, ಒಂದು ದೀಪವಿರಬೇಕು.

ಗುಂಡಿಯ ಲೆಕ್ಕ

ಹೊರಗಿನಿಂದ ಬರುವವರ ಕಣ್ಣು ಗೋಡೆಯ ಮೇಲಿರುತ್ತದೆ. ಬಣ್ಣ ಬಳಿಯುತ್ತಾರೆ, ಚಿತ್ರ ಬರೆಯುತ್ತಾರೆ. ಶೌಚಾಲಯ ಉಳಿಯುವುದು ನೆಲದ ಕೆಳಗಿನ ಕೆಲಸದಿಂದ. ಅದಕ್ಕೇ ಇದನ್ನು ವಿವರವಾಗಿ ಬರೆಯುತ್ತೇನೆ.

ಹಳ್ಳಿಗೆ ಹೊಂದುವ ಪದ್ಧತಿ ಜೋಡಿ ಗುಂಡಿ. 1970ರಲ್ಲಿ ಸುಲಭ್ ಸಂಸ್ಥೆ ಕಟ್ಟಿದ ಬಿಂದೇಶ್ವರ ಪಾಠಕ್ ಇದನ್ನು ದೇಶದ ಉದ್ದಗಲಕ್ಕೆ ಹರಡಿದರು. ಸರ್ಕಾರದ ಯೋಜನೆಯೂ ಇದನ್ನೇ ಶಿಫಾರಸು ಮಾಡುತ್ತದೆ. ಐದಾರು ಜನರ ಮನೆಗೆ ಸುಮಾರು ಒಂದು ಮೀಟರ್ ಅಗಲ, ಒಂದು ಮೀಟರಿಗಿಂತ ತುಸು ಹೆಚ್ಚು ಆಳದ ಎರಡು ದುಂಡು ಗುಂಡಿ ಸಾಕು. ಎರಡರ ನಡುವೆ ಕನಿಷ್ಠ ಒಂದು ಮೀಟರ್ ಅಂತರ. ಒಳಗೋಡೆಯ ಇಟ್ಟಿಗೆಗಳ ನಡುವೆ ಸಂದು ಬಿಟ್ಟು ಕಟ್ಟಬೇಕು, ನೀರು ಮಣ್ಣಿಗೆ ಇಂಗಲು. ತಳಕ್ಕೆ ಸಿಮೆಂಟ್ ಹಾಕಬಾರದು. ಬೇಸಿನ್‌ನಿಂದ ಬರುವ ಪೈಪು ಒಂದು ಚಿಕ್ಕ ಜಂಕ್ಷನ್ ಪೆಟ್ಟಿಗೆಗೆ ಬಂದು ಅಲ್ಲಿಂದ ಎರಡು ದಾರಿಯಾಗುತ್ತದೆ. ಒಂದು ದಾರಿ ಮುಚ್ಚಿ ಇನ್ನೊಂದನ್ನು ಬಳಸುವುದು. ಮೊದಲ ಗುಂಡಿ ತುಂಬಲು ಮೂರರಿಂದ ಐದು ವರ್ಷ ಹಿಡಿಯಬಹುದು. ತುಂಬಿದ ಮೇಲೆ ದಾರಿ ಬದಲಿಸಿ, ತುಂಬಿದ್ದನ್ನು ಎರಡು ವರ್ಷ ಮುಟ್ಟದೆ ಬಿಟ್ಟರೆ ಒಳಗಿರುವುದು ವಾಸನೆಯಿಲ್ಲದ ಕರಿಮಣ್ಣಾಗುತ್ತದೆ. ಮನೆಯವರೇ ತೆಗೆದು ತೆಂಗಿಗೋ ಬಾಳೆಗೋ ಹಾಕಬಹುದು.

ತಪ್ಪಾಗುವ ಜಾಗಗಳೂ ಗೊತ್ತಿರುವಂಥವೇ. ‘ಇಪ್ಪತ್ತಡಿ ಗುಂಡಿ ತೋಡ್ಬುಟ್ರೆ ನಮ್ಮ ಕಾಲಕ್ಕೆ ತುಂಬಲ್ಲ ಬುಡಿ’ ಎಂದು ಒಂದೇ ಆಳದ ಗುಂಡಿ ತೋಡಿಸುವವರು ಬಹಳ. ಅಷ್ಟು ಆಳಕ್ಕೆ ಹೋದರೆ ಹೊಲಸು ಅಂತರ್ಜಲಕ್ಕೆ ಹತ್ತಿರವಾಗುತ್ತದೆ, ತುಂಬಿದ ದಿನ ಅದನ್ನು ಬರಿದು ಮಾಡಲು ಸಕ್ಕಿಂಗ್ ಗಾಡಿ ಬರಬೇಕು, ಗಾಡಿ ಬಾರದ ಓಣಿಯಾದರೆ ಯಾರನ್ನೋ ಇಳಿಸುವ ಮಾತು ಬರುತ್ತದೆ. ಎರಡು ಗುಂಡಿ ತೋಡಿ ಒಂದರಿಂದ ಇನ್ನೊಂದಕ್ಕೆ ಪೈಪು ಹಾಕಿಬಿಡುವುದು ಇನ್ನೊಂದು ತಪ್ಪು. ಆಗ ಎರಡೂ ಒಟ್ಟಿಗೆ ಹಸಿಯಾಗಿರುತ್ತವೆ, ಯಾವುದನ್ನೂ ತೆರೆಯಲಾಗದು. ಸ್ನಾನದ ನೀರನ್ನು ಗುಂಡಿಗೆ ಬಿಡಬಾರದು, ಅದಕ್ಕೆ ಬೇರೆ ಇಂಗುಗುಂಡಿ ಬೇಕು. ಆಸಿಡ್, ಫಿನಾಯಿಲ್ ಸುರಿದರೆ ಮಲವನ್ನು ಮಣ್ಣಾಗಿಸುವ ಸೂಕ್ಷ್ಮಜೀವಿಗಳೇ ಸಾಯುತ್ತವೆ. ಸೋಪುಪುಡಿ, ಬ್ರಷ್ಷು ಸಾಕು.

ಕುಡಿಯುವ ನೀರಿನ ಬಾವಿ, ಕೊಳವೆಬಾವಿಯಿಂದ ಗುಂಡಿ ಕನಿಷ್ಠ 10 ಮೀಟರ್ ದೂರವಿರಲಿ. ಮರಳು ಮಣ್ಣಾದರೆ, ನೀರು ಮೇಲಿದ್ದರೆ ಇನ್ನೂ ದೂರ. ಮಳೆಗಾಲದಲ್ಲಿ ಅಂತರ್ಜಲ ಎಷ್ಟು ಮೇಲೆ ಬರುತ್ತದೆ ಎಂದು ಊರಿನವರನ್ನು ಕೇಳಿ. ಗುಂಡಿಯ ತಳ ಅದಕ್ಕಿಂತ ಎರಡು ಮೀಟರ್ ಮೇಲಿದ್ದರೆ ಒಳ್ಳೆಯದು. 1974ರಲ್ಲಿ ಕಬಿನಿ ಅಣೆಕಟ್ಟೆ ಮುಗಿದ ಮೇಲೆ ಹಿನ್ನೀರು ಹಬ್ಬಿದ ದಡದ ಊರುಗಳಲ್ಲಿ ಇದು ದೊಡ್ಡ ಪ್ರಶ್ನೆ. ಕೆ.ಆರ್. ನಗರದ ಗದ್ದೆ ಬಯಲಿನಲ್ಲೂ ಹಾಗೆಯೇ. ನಾಲ್ಕಡಿ ತೋಡುವಾಗಲೇ ನೀರು ಜಿನುಗಿದರೆ ಗುಂಡಿಯನ್ನು ನೆಲದಿಂದ ಎತ್ತರಿಸಿ ಕಟ್ಟಬೇಕು, ಇಲ್ಲವೇ ಮೂತ್ರವನ್ನು ಬೇರೆ ಮಾಡಿ ಮಲವನ್ನು ಒಣಗಿಸುವ ಇಕೋಸ್ಯಾನ್ ಮಾದರಿಗೆ ಹೋಗಬೇಕು. ಇಕೋಸ್ಯಾನ್ ನೆಲದ ಮೇಲಿನ ಎರಡು ಕೋಣೆಯದು. ಪ್ರತಿ ಸಲ ಒಂದು ಹಿಡಿ ಬೂದಿ ಹಾಕಬೇಕು, ತೊಳೆದ ನೀರು ಬೇರೆ ಹೋಗಬೇಕು. ಸೌದೆ ಒಲೆಯ ಮನೆಗಳಲ್ಲಿ ಬೂದಿಗೆ ಬರವಿಲ್ಲ. ಆದರೆ ಮನೆಯ ಮಕ್ಕಳು, ಬಂದ ನೆಂಟರು ಸೇರಿ ಎಲ್ಲರೂ ನಿಯಮ ಪಾಲಿಸಿದರೆ ಮಾತ್ರ ಅದು ಉಳಿಯುತ್ತದೆ. ಆರು ತಿಂಗಳು ಮನೆಗೆ ಹೋಗಿಬಂದು ಹೇಳಿಕೊಡುವವರಿಲ್ಲದ ಊರಿನಲ್ಲಿ ಇಕೋಸ್ಯಾನ್ ಕಟ್ಟಬೇಡಿ.

ಯಾರೂ ಇನ್ನೊಬ್ಬರ ಮಲ ಎತ್ತುವಂತಾಗಬಾರದು ಎಂಬ ಹಟ ನಮ್ಮ ಜಿಲ್ಲೆಗೆ ಹತ್ತಿರದ್ದು. ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯ ದೇವರಾಜ ಅರಸು ಮುಖ್ಯಮಂತ್ರಿಯಾಗಿದ್ದಾಗ ಅವರ ಸಂಪುಟದಲ್ಲಿದ್ದ ಬಿ. ಬಸವಲಿಂಗಪ್ಪನವರು 1970ರ ದಶಕದ ಆರಂಭದಲ್ಲೇ ರಾಜ್ಯದಲ್ಲಿ ಮಲ ಹೊರುವ ಪದ್ಧತಿಯನ್ನು ನಿಲ್ಲಿಸಲು ಆದೇಶ ತಂದರು. ದೇಶಕ್ಕೆ ಅದರ ವಿರುದ್ಧ ಕಾಯ್ದೆ ಬಂದದ್ದು 1993ರಲ್ಲಿ, ಇನ್ನಷ್ಟು ಬಿಗಿಯಾದದ್ದು 2013ರಲ್ಲಿ. ಜೋಡಿ ಗುಂಡಿಯನ್ನು ಸರಿಯಾಗಿ ಕಟ್ಟುವುದಕ್ಕೆ ನಾನು ಇಷ್ಟು ಜಾಗ ಕೊಟ್ಟದ್ದು ಈ ಕಾರಣಕ್ಕೆ. ತಪ್ಪಾಗಿ ಕಟ್ಟಿದ ಗುಂಡಿಗೆ ಒಂದು ದಿನ ಇಳಿಯಬೇಕಾಗುವವರು ಯಾವ ಕೇರಿಯವರು ಎಂಬುದು ನಮಗೆಲ್ಲ ಗೊತ್ತು.

ದುಡ್ಡು ಮತ್ತು ಕೂಲಿ

ಸ್ವಚ್ಛ ಭಾರತ ಯೋಜನೆಯಲ್ಲಿ ಅರ್ಹ ಮನೆಗೆ ಪ್ರೋತ್ಸಾಹಧನ 12,000 ರೂಪಾಯಿ. ಪರಿಶಿಷ್ಟ ಜಾತಿ, ಪಂಗಡದವರಿಗೆ ರಾಜ್ಯ ತನ್ನ ಕಡೆಯಿಂದ ಹೆಚ್ಚು ಸೇರಿಸುತ್ತ ಬಂದಿದೆ. ಅರ್ಜಿ ಗ್ರಾಮ ಪಂಚಾಯಿತಿಗೆ. ಕಟ್ಟಿ, ಫೋಟೊ ತೆಗೆಸಿ, ದಾಖಲಾದ ಮೇಲೆ ಹಣ ಖಾತೆಗೆ ಬರುತ್ತದೆ. ತೊಡಕು ಇಲ್ಲೇ ಇದೆ. ದಿನಗೂಲಿಯ ಮನೆಯವರು ಇಟ್ಟಿಗೆ, ಸಿಮೆಂಟ್, ಮೇಸ್ತ್ರಿ ಕೂಲಿಗೆ ಮುಂಗಡ ಎಲ್ಲಿಂದ ತರಬೇಕು? ಕೈಸಾಲ ಮಾಡಿದರೆ ಬಡ್ಡಿ ತಿನ್ನುತ್ತದೆ. ಹೊರಗಿನಿಂದ ಬರುವವರ ಹಣ ಅತಿ ಹೆಚ್ಚು ಉಪಯೋಗಕ್ಕೆ ಬರುವ ಜಾಗ ಈ ಮುಂಗಡ. ಊರಿನ ಸ್ವಸಹಾಯ ಸಂಘದಲ್ಲಿ ಒಂದು ನಿಧಿ ಇಟ್ಟು, ಮನೆಗೆ ಬಡ್ಡಿಯಿಲ್ಲದ ಸಾಲವಾಗಿ ಕೊಟ್ಟು, ಪ್ರೋತ್ಸಾಹಧನ ಬಂದಾಗ ತೀರಿಸಿಕೊಂಡರೆ ಅದೇ ಹಣ ಮುಂದಿನ ಮನೆಗೆ ಹೋಗುತ್ತದೆ. ಲಂಡನ್ನಿನಿಂದ ಬೆಂಗಳೂರಿಗೆ ಒಬ್ಬರು ಬಂದುಹೋಗುವ ವಿಮಾನ ಟಿಕೆಟ್ಟಿನ ಹಣದಲ್ಲಿ ನಾಲ್ಕೈದು ಮನೆಗೆ ಇಂಥ ಮುಂಗಡ ಕೊಡಬಹುದು. ಈ ಲೆಕ್ಕವನ್ನು ಮನಸ್ಸಿನಲ್ಲಿಟ್ಟುಕೊಂಡು, ನಾನು ಹೋಗುವುದರಿಂದ ಹಣಕ್ಕಿಂತ ಹೆಚ್ಚಿನದೇನು ಸೇರುತ್ತದೆ ಎಂದು ಕೇಳಿಕೊಳ್ಳಿ. ಅದಕ್ಕೆ ಉತ್ತರವಿದೆ: ಮನೆಮನೆ ಎಣಿಕೆ, ಸಾಮಾನು ಸಾಗಣೆ, ಗುಂಡಿ ತೋಡುವ ಕೈಗಳು, ಅರ್ಜಿ ತುಂಬುವುದು, ಶಾಲೆಯಲ್ಲಿ ಮಕ್ಕಳ ಜೊತೆ ಕೆಲಸ, ವರ್ಷದ ನಂತರ ಮತ್ತೆ ಬಂದು ನೋಡುವುದು.

ಗೋಡೆ ಎಬ್ಬಿಸುವ, ಬೇಸಿನ್ ಕೂರಿಸುವ ಕೆಲಸ ಮೇಸ್ತ್ರಿಯದು. ಎರಡು ವಾರದಲ್ಲಿ ಕರಣೆ ಹಿಡಿಯಲು ಕಲಿತವರ ಗೋಡೆ ಮಳೆಗೆ ನಿಲ್ಲುವುದಿಲ್ಲ. ಊರಿನ ಗಾರೆಯವರಿಗೆ ಪೂರ್ತಿ ಕೂಲಿ ಕೊಟ್ಟು, ನೀವು ಅವರ ಕೈಕೆಳಗೆ ಚಿಟ್ಟಾಳಾಗಿ. ಜೋಡಿ ಗುಂಡಿಯ ಜಂಕ್ಷನ್ ಪೆಟ್ಟಿಗೆ ಕಟ್ಟಲು ಬಾರದ ಮೇಸ್ತ್ರಿಗಳಿಗೆ ಒಂದು ದಿನದ ತರಬೇತಿ ಏರ್ಪಡಿಸಿದರೆ, ನಿಮ್ಮ ತಂಡ ಕಟ್ಟುವ ಹತ್ತಿಪ್ಪತ್ತಕ್ಕಿಂತ ಹೆಚ್ಚು ಶೌಚಾಲಯ ಸರಿಯಾಗುತ್ತವೆ. ಮನೆಯವರೂ ಗುಂಡಿ ತೋಡುವುದರಲ್ಲಿ ಸೇರಬೇಕು. ಆದರೆ ಅದಕ್ಕಾಗಿ ಒಂದು ದಿನದ ಕೂಲಿ ಬಿಟ್ಟು ಕೂರಿ ಎಂದು ಹೇಳುವಾಗ ಆ ಕೂಲಿಯಿಂದ ಅವರ ಒಲೆ ಉರಿಯುತ್ತದೆಂಬುದು ನೆನಪಿರಲಿ.

ದುಡ್ಡು, ಕೂಲಿಗಿಂತ ಮೊದಲು ಊರು ಒಪ್ಪಬೇಕು. ಊರನ್ನೇ ಒಟ್ಟಾಗಿ ಒಪ್ಪಿಸುವ ವಿಧಾನಕ್ಕೆ ದೊಡ್ಡ ರೂಪ ಕೊಟ್ಟವರು ಭಾರತದವರೇ ಆದ ಕಮಲ್ ಕರ್. ಬಾಂಗ್ಲಾದೇಶದ ರಾಜಶಾಹಿಯ ಮೊಸ್ಮೊಯಿಲ್ ಎಂಬ ಹಳ್ಳಿಯಲ್ಲಿ 2000ದ ಆಸುಪಾಸಿನಲ್ಲಿ ಶುರುವಾದ ಅದು ಹತ್ತಾರು ದೇಶಗಳಿಗೆ ಹೋಯಿತು. ಊರಿನವರೇ ನೆಲದ ಮೇಲೆ ಊರಿನ ನಕ್ಷೆ ಬಿಡಿಸಿ, ಯಾರು ಎಲ್ಲಿಗೆ ಹೋಗುತ್ತಾರೆಂದು ಗುರುತಿಸಿ, ತಾವೇ ತೀರ್ಮಾನಿಸುವ ಪದ್ಧತಿ ಅದು. ನಕ್ಷೆ ಬಿಡಿಸುವುದನ್ನು ಇಲ್ಲೂ ಮಾಡಿ. ಆದರೆ ಬಯಲಿಗೆ ಹೋಗುವವರ ಹಿಂದೆ ಹೋಗಿ ಸೀಟಿ ಊದುವುದು, ನಾಚಿಕೆಪಡಿಸುವುದು ಇವೆಲ್ಲ ಆ ವಿಧಾನದ ಹೆಸರಿನಲ್ಲಿ ಹಲವು ಕಡೆ ನಡೆದಿವೆ. ಅದಕ್ಕೆ ಕೈ ಹಾಕಬೇಡಿ. ನೀರಿಲ್ಲದ, ಜಾಗವಿಲ್ಲದ ಮನೆಯವರನ್ನು ನಾಚಿಸುವ ಹಕ್ಕು ಹೊರಗಿನವರಿಗಂತೂ ಇಲ್ಲ.

ಯಾವ ತಿಂಗಳು

ಅಮೆರಿಕ, ಇಂಗ್ಲೆಂಡಿನ ಕಾಲೇಜುಗಳ ದೊಡ್ಡ ರಜೆ ಜೂನ್‌ನಿಂದ ಆಗಸ್ಟ್. ನಮ್ಮಲ್ಲಿ ಆಗ ಮುಂಗಾರು. ತೋಡಿದ ಗುಂಡಿಗೆ ನೀರು ತುಂಬಿ ಅಂಚು ಕುಸಿಯುತ್ತದೆ, ಗಾಡಿ ಹಾಡಿಗೆ ಹೋಗುವುದಿಲ್ಲ, ಜನ ಹೊಲದಲ್ಲಿರುತ್ತಾರೆ. ಹುಣಸೂರು, ಪಿರಿಯಾಪಟ್ಟಣದ ಕಡೆ ಹೊಗೆಸೊಪ್ಪಿನ ಕೆಲಸ ಬಿಡುವಿಲ್ಲದೆ ನಡೆಯುತ್ತಿರುತ್ತದೆ. ಸುಗ್ಗಿ ಮುಗಿದ ಮೇಲೆ ಹಾಡಿಯ ಜನ ಕೊಡಗಿನ ಕಾಫಿ ತೋಟಗಳಿಗೆ ಹೋಗುತ್ತಾರೆ. ಡಿಸೆಂಬರ್, ಜನವರಿಯಲ್ಲಿ ಹಾಡಿಗೆ ಹೋದರೆ ಮುದುಕರು, ಮಕ್ಕಳು ಬಿಟ್ಟರೆ ಯಾರೂ ಸಿಗದಿರಬಹುದು. ಕಟ್ಟುವ ಕೆಲಸಕ್ಕೆ ಸರಿಯಾದ ಕಾಲ ಫೆಬ್ರವರಿ ಕೊನೆಯಿಂದ ಏಪ್ರಿಲ್, ಅಂದರೆ ಯುಗಾದಿಯ ಹಿಂದುಮುಂದು. ಬಿಸಿಲಿದೆ, ಬೆಳಿಗ್ಗೆ ಬೇಗ ಶುರುಮಾಡಿ ಹನ್ನೊಂದಕ್ಕೆ ನಿಲ್ಲಿಸಬೇಕು. ಜೂನ್, ಜುಲೈಯಲ್ಲೇ ಬರಬೇಕಾದವರು ಕಟ್ಟುವ ಆಸೆ ಬಿಟ್ಟು ಶಾಲೆ, ಎಣಿಕೆ, ಹಳೆಯ ಶೌಚಾಲಯಗಳ ದುರಸ್ತಿ ಹಿಡಿಯಿರಿ. ಯುಗಾದಿಗೆ ಬರುವುದಾದರೆ ದಸರಾ ಹೊತ್ತಿಗೆ ಸಂಸ್ಥೆಗೆ ಬರೆದಿರಬೇಕು.

ಕಾಗದಪತ್ರ

ವಿದೇಶಿ ಪಾಸ್‌ಪೋರ್ಟಿನವರಿಗೆ ಇ-ಟೂರಿಸ್ಟ್ ವೀಸಾದ ಉದ್ದೇಶಗಳಲ್ಲಿ ಅಲ್ಪಾವಧಿಯ ಸ್ವಯಂಸೇವೆಯೂ ಸೇರಿದೆ. ಗರಿಷ್ಠ ಒಂದು ತಿಂಗಳು, ಹಣವಾಗಲಿ ಬೇರೆ ಪ್ರತಿಫಲವಾಗಲಿ ಪಡೆಯಬಾರದು. ಅರ್ಜಿಯಲ್ಲಿ ಆ ಉದ್ದೇಶವನ್ನೇ ಗುರುತಿಸಿ. ಬರೀ ಪ್ರವಾಸ ಎಂದು ಬರೆದು ಬಂದು ಕೆಲಸಕ್ಕಿಳಿಯಬೇಡಿ. ಅದಕ್ಕಿಂತ ಹೆಚ್ಚು ದಿನ ಸಂಸ್ಥೆಯೊಂದರಲ್ಲಿ ಕೆಲಸ ಮಾಡಬೇಕಾದರೆ ಬೇರೆ ವರ್ಗದ ವೀಸಾ ಬೇಕು. ಭಾರತೀಯ ರಾಯಭಾರ ಕಚೇರಿಯಲ್ಲಿ ವಿಚಾರಿಸಿಯೇ ಟಿಕೆಟ್ ಕೊಳ್ಳಿ. ಒಸಿಐ ಕಾರ್ಡ್ ಇರುವ ನಮ್ಮ ಮಕ್ಕಳಿಗೆ ವೀಸಾ ಬೇಡ. ಆದರೆ 2021ರ ಅಧಿಸೂಚನೆಯಂತೆ ಸಂಶೋಧನೆ, ಪತ್ರಿಕೋದ್ಯಮ, ಧರ್ಮಪ್ರಚಾರದ ಕೆಲಸಕ್ಕೆ ಅವರಿಗೂ ವಿಶೇಷ ಅನುಮತಿ ಬೇಕು. ಕಾಲೇಜಿನ ಪ್ರಬಂಧಕ್ಕಾಗಿ ಮನೆಮನೆ ಸಮೀಕ್ಷೆ ಮಾಡುವುದು ಇದರೊಳಗೆ ಬರುತ್ತದೆಯೇ ಎಂದು ಮೊದಲೇ ಕೇಳಿಕೊಳ್ಳುವುದು ಕ್ಷೇಮ. ವಿದೇಶಿಯರನ್ನು ಮನೆಯಲ್ಲಿ ಉಳಿಸಿಕೊಳ್ಳುವವರು 24 ಗಂಟೆಯೊಳಗೆ ಅವರ ವಿವರವನ್ನು ಸರ್ಕಾರಕ್ಕೆ ಸಲ್ಲಿಸಬೇಕು. ಹಳ್ಳಿಯ ಮನೆಯವರಿಗೆ ಇದು ಗೊತ್ತಿರುವುದಿಲ್ಲ. ಸಂಸ್ಥೆಯೇ ಮಾಡಿಸಲಿ.

ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯ ಟಿಬೆಟನ್ ನೆಲೆಯಲ್ಲಿ ರಾತ್ರಿ ಉಳಿಯಲು ವಿದೇಶಿಯರಿಗೆ ಸಂರಕ್ಷಿತ ಪ್ರದೇಶದ ಅನುಮತಿ ಬೇಕು. ಸುವರ್ಣ ದೇವಾಲಯ ನೋಡಿಕೊಂಡು ಅಲ್ಲೇ ಮಲಗಿ ಬರುತ್ತೇವೆ ಎಂದರೆ ತೊಂದರೆಯಾಗುತ್ತದೆ. ನಾಗರಹೊಳೆ, ಬಂಡೀಪುರದ ಗಡಿಯೊಳಗಿನ ಹಾಡಿಗಳಿಗೆ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಹೋಗುವಂತಿಲ್ಲ, ಏನನ್ನೂ ಕಟ್ಟುವಂತಿಲ್ಲ. ಹಾಡಿಯ ಅರಣ್ಯ ಹಕ್ಕು ಸಮಿತಿಯ ಜೊತೆಗೂ ಮಾತಾಡಿ. ಕೋಟೆಯಿಂದ ಬಾವಲಿಗೆ ಹೋಗುವ ಕಾಡಿನ ರಸ್ತೆ ಸಂಜೆ 6ರಿಂದ ಬೆಳಿಗ್ಗೆ 6ರವರೆಗೆ ಮುಚ್ಚಿರುತ್ತದೆ.

ಹಣ ಕಳಿಸುವ ಕನ್ನಡ ಸಂಘಗಳು ತಿಳಿದಿರಬೇಕಾದದ್ದು: ಬೇರೆ ದೇಶದ ಪೌರತ್ವ ಪಡೆದವರು, ಒಸಿಐ ಇದ್ದವರೂ ಸೇರಿ, ಕೊಡುವ ದೇಣಿಗೆ ವಿದೇಶಿ ದೇಣಿಗೆಯೇ. ಅದನ್ನು ಪಡೆಯಲು ಇಲ್ಲಿಯ ಸಂಸ್ಥೆಗೆ ವಿದೇಶಿ ದೇಣಿಗೆ ಕಾಯ್ದೆಯ (ಎಫ್‌ಸಿಆರ್‌ಎ) ನೋಂದಣಿ ಇರಬೇಕು, ಹಣ ದೆಹಲಿಯ ಸ್ಟೇಟ್ ಬ್ಯಾಂಕಿನ ನಿಗದಿತ ಶಾಖೆಯ ಖಾತೆಗೇ ಬರಬೇಕು. 2020ರ ತಿದ್ದುಪಡಿಯ ನಂತರ ಒಂದು ಸಂಸ್ಥೆ ಆ ಹಣವನ್ನು ಇನ್ನೊಂದು ಸಂಸ್ಥೆಗೆ ದಾಟಿಸುವಂತಿಲ್ಲ, ಆಡಳಿತ ವೆಚ್ಚ ಶೇ 20 ಮೀರುವಂತಿಲ್ಲ. ಭಾರತೀಯ ಪಾಸ್‌ಪೋರ್ಟ್ ಉಳಿಸಿಕೊಂಡು ಹೊರದೇಶದಲ್ಲಿ ದುಡಿಯುವವರು ಸ್ವಂತ ಉಳಿತಾಯದಿಂದ ಬ್ಯಾಂಕಿನ ಮೂಲಕ ಕೊಡುವುದು ವಿದೇಶಿ ದೇಣಿಗೆ ಎನಿಸುವುದಿಲ್ಲ.

ಊರಿನಲ್ಲಿದ್ದಾಗ

ಟಿಟಿ, ಟೈಫಾಯ್ಡ್, ಹೆಪಟೈಟಿಸ್ ಲಸಿಕೆ ಹಾಕಿಸಿಕೊಂಡು ಬನ್ನಿ. ಹಳೆಯ ಗುಂಡಿಯ ಹತ್ತಿರ ಕೆಲಸವಿದ್ದರೆ ಗಂಬೂಟು, ಕೈಗವಸು ಕಡ್ಡಾಯ. ಮುಚ್ಚಿದ ಗುಂಡಿಯೊಳಗೆ ಯಾವ ಕಾರಣಕ್ಕೂ ಇಳಿಯಬೇಡಿ, ಯಾರನ್ನೂ ಇಳಿಸಬೇಡಿ, ಅನಿಲಕ್ಕೆ ಕ್ಷಣದಲ್ಲಿ ಪ್ರಾಣ ಹೋಗುತ್ತದೆ. 2012ರಲ್ಲಿ ಬಂಡೀಪುರದಲ್ಲಿ ಮಂಗನ ಕಾಯಿಲೆ ಕಾಣಿಸಿಕೊಂಡಿತ್ತು. ಕಾಡಂಚಿನಲ್ಲಿ ಓಡಾಡಿದ ದಿನ ಮೈಮೇಲೆ ಅದನ್ನು ಹರಡುವ ಉಣ್ಣೆಹುಳ ಇದೆಯೇ ನೋಡಿಕೊಳ್ಳಿ. ಹೆಂಗಸರನ್ನು ಅಕ್ಕ, ಅವ್ವ ಎಂದು ಕರೆಯಲು, ‘ಊಟ ಆಯ್ತಾ’ ಎಂದು ಕೇಳಲು ಹೊರಗಿನ ಹುಡುಗರೂ ಕಲಿಯಲಿ. ಶೌಚಾಲಯದ ಬಾಗಿಲಲ್ಲಿ ಮನೆಯವರನ್ನು ನಿಲ್ಲಿಸಿ ಫೋಟೊ ತೆಗೆಯಬೇಡಿ. ತೆಗೆಯಲೇಬೇಕಾದರೆ ಪಂಚಾಯಿತಿ ದಾಖಲೆಗೆ ಸಾಕಾಗುವಷ್ಟು, ಒಪ್ಪಿಗೆ ಕೇಳಿ.

ಶಾಲೆಯಲ್ಲಿ ಕೆಲಸ ಸಿಕ್ಕರೆ ಬಿಡಬೇಡಿ. ಹುಡುಗಿಯರು ತಿಂಗಳಿಗೆ ನಾಲ್ಕು ದಿನ ಶಾಲೆ ತಪ್ಪಿಸುವುದಕ್ಕೆ ಒಳಗಿನಿಂದ ಚಿಲಕವಿಲ್ಲದ, ನೀರಿಲ್ಲದ ಶೌಚಾಲಯವೂ ಒಂದು ಕಾರಣ. ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಸಭೆ ಕರೆಸಿ, ಯಾರು ತೊಳೆಯುತ್ತಾರೆ, ಅವರ ಸಂಬಳ ಎಲ್ಲಿಂದ, ಬಟ್ಟೆ-ಪ್ಯಾಡು ಹಾಕಲು ಏನು ವ್ಯವಸ್ಥೆ ಎಂದು ಬರೆದಿಟ್ಟು ಸಹಿ ಹಾಕಿಸಿಕೊಂಡ ಮೇಲೆ ಮೊದಲ ಇಟ್ಟಿಗೆ ಇಡಿ. ತೊಳೆಯುವ ಕೆಲಸ ಒಂದೇ ಜಾತಿಯ ಮಕ್ಕಳ ಪಾಲಿಗೆ ಬರುತ್ತಿದೆಯೇ ಎಂಬುದನ್ನು ಕಣ್ಣಿಟ್ಟು ನೋಡಿ. ಬರುತ್ತಿದ್ದರೆ ಸುಮ್ಮನಿರಬೇಡಿ, ಸಂಸ್ಥೆಯವರ ಮೂಲಕ ಮುಖ್ಯೋಪಾಧ್ಯಾಯರ, ಪಂಚಾಯಿತಿಯ ಗಮನಕ್ಕೆ ತನ್ನಿ.

ಹೊರಡುವ ಮುನ್ನ ಪ್ರತಿ ಶೌಚಾಲಯದ ಒಳಗೋಡೆಯ ಮೇಲೆ ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ ಬರೆಯಿಸಿ: ಈಗ ಬಳಕೆಯಲ್ಲಿರುವ ಗುಂಡಿ ಎಡಗಡೆಯದೋ ಬಲಗಡೆಯದೋ, ಬಳಕೆ ಶುರುವಾದ ತಿಂಗಳು, ದಾರಿ ಬದಲಿಸುವುದು ಹೇಗೆ, ಬದಲಿಸಿದ ಮೇಲೆ ಎಷ್ಟು ದಿನ ಮುಚ್ಚಿಡಬೇಕು, ಕೆಟ್ಟರೆ ಕರೆಯಬೇಕಾದ ಊರಿನ ಮೇಸ್ತ್ರಿ ಯಾರು. ಓದಲು ಬಾರದವರಿಗೆ ಜಂಕ್ಷನ್ ಪೆಟ್ಟಿಗೆಯ ಚಿತ್ರ ಬರೆಸಿ, ಒಮ್ಮೆ ಮುಚ್ಚಳ ತೆಗೆದು ಮನೆಯವರ ಕೈಯಲ್ಲೇ ದಾರಿ ಬದಲಿಸಿ ತೋರಿಸಿ, ಮತ್ತೆ ಮೊದಲಿನಂತೆ ಇಡಿಸಿ. ಮನೆಗಳ ಪಟ್ಟಿಯ ಒಂದು ಪ್ರತಿ ಪಂಚಾಯಿತಿಗೆ, ಒಂದು ಮಹಿಳಾ ಸಂಘಕ್ಕೆ, ಒಂದು ಸಂಸ್ಥೆಗೆ. ಆರು ತಿಂಗಳಿಗೊಮ್ಮೆ, ಹನ್ನೆರಡು ತಿಂಗಳಿಗೊಮ್ಮೆ ಪಟ್ಟಿ ಹಿಡಿದು ಮನೆಮನೆಗೆ ಹೋಗುವ ಕಾರ್ಯಕರ್ತೆಯ ಓಡಾಟದ ಖರ್ಚನ್ನು ನೀವು ಸಂಗ್ರಹಿಸುವ ಹಣದಲ್ಲಿ ಮೊದಲೇ ತೆಗೆದಿಡಿ. ಮೊದಲ ಗುಂಡಿ ತುಂಬಿ ಎರಡನೆಯದಕ್ಕೆ ಬದಲಾಗುವವರೆಗೆ, ಅಂದರೆ ಮೂರರಿಂದ ಐದು ವರ್ಷ, ಈ ಖರ್ಚು ಇರುತ್ತದೆ.